ವಿಚ್ಛೇದನದ ನಂತರ ಮಕ್ಕಳ ಜೀವನಾಂಶ: ಕೋರ್ಟು ಮೊತ್ತವನ್ನು ಹೇಗೆ ನಿಗದಿ ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು ಕಡೆಯಿಂದ ಬಂದ ಪತ್ರಗಳಲ್ಲಿ ಮತ್ತು ಕಾನೂನು ಅರಿವು ಸಭೆಗಳು ಮುಗಿದ ಮೇಲಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಲ್ಲಿ ಇರಿಸಲಾಗಿದೆ. ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಕಾಗದಪತ್ರಗಳನ್ನು ನೋಡಿದ ವಕೀಲರ ಸಲಹೆಗೆ ಇವು ಬದಲಿಯಾಗಲಾರವು.

## ಮೊದಲು ತಿಳಿದಿರಬೇಕಾದದ್ದು

ಎಲ್ಲರೂ ‘ಸಂಬಳದ 25 ಪರ್ಸೆಂಟ್’ ಅನ್ನುತ್ತಾರೆ. ಹಾಗೆ ಕಾನೂನಿನಲ್ಲಿ ಬರೆದಿದೆಯೇ?

ಇಲ್ಲ. ಮಗುವಿನ ಜೀವನಾಂಶಕ್ಕೆ ಭಾರತದ ಯಾವ ಕಾಯ್ದೆಯೂ ಶೇಕಡಾವಾರು ಪ್ರಮಾಣವನ್ನು ಹೇಳುವುದಿಲ್ಲ. ಈ 25ರ ಮಾತು ಹುಟ್ಟಿದ್ದು ಕಲ್ಯಾಣ್ ಡೇ ಚೌಧರಿ ಪ್ರಕರಣದ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಗಂಡನ ನಿವ್ವಳ ಸಂಬಳದ ಶೇ. 25ರಷ್ಟು ಜೀವನಾಂಶ ನ್ಯಾಯಯುತವೆನಿಸಬಹುದು ಎಂದು, 1970ರ ಹಳೆಯ ತೀರ್ಪೊಂದನ್ನು ಆಧರಿಸಿ, ಆ ಪ್ರಕರಣದ ಸಂದರ್ಭದಲ್ಲಿ ನ್ಯಾಯಾಲಯ ಹೇಳಿತ್ತು. ಅದು ಮುಖ್ಯವಾಗಿ ಪತ್ನಿಯ ಜೀವನಾಂಶದ ಚರ್ಚೆ, ಮತ್ತು ಅಲ್ಲಿಯೂ ಅದು ಮಾರ್ಗಸೂಚಿಯೇ ಹೊರತು ಕಟ್ಟಳೆಯಲ್ಲ. ಇಬ್ಬರು ಮಕ್ಕಳಿರುವ ಮನೆಗೂ ಒಂದೇ ಮಗುವಿರುವ ಮನೆಗೂ, ತಿಂಗಳಿಗೆ 20 ಸಾವಿರ ದುಡಿಯುವವರಿಗೂ 2 ಲಕ್ಷ ದುಡಿಯುವವರಿಗೂ ಒಂದೇ ಅಳತೆಗೋಲು ಹಿಡಿಯಲು ಬರುವುದಿಲ್ಲ. ಆದ್ದರಿಂದ ಯಾರಾದರೂ ‘ಖಂಡಿತ ಇಷ್ಟೇ ಸಿಗುತ್ತದೆ’ ಎಂದು ಮೊದಲ ಭೇಟಿಯಲ್ಲೇ ಭರವಸೆ ಕೊಟ್ಟರೆ ಸ್ವಲ್ಪ ಜಾಗ್ರತೆಯಿಂದ ಇರುವುದು ಒಳ್ಳೆಯದು.

ಮೆಂಟೆನೆನ್ಸ್ ಅಂದರೆ ಹೆಂಡತಿಗೆ ಕೊಡುವುದಲ್ಲವೇ? ಮಗುವಿಗೆ ಬೇರೆ ಇದೆಯೇ?

ಬೇರೆಯೇ ಇದೆ. ಮಗುವಿನ ಜೀವನಾಂಶ ಮಗುವಿನ ಹಕ್ಕು. ತಾಯಿ ಅದನ್ನು ಮಗುವಿನ ಪರವಾಗಿ ಕೇಳುತ್ತಾಳೆ ಮತ್ತು ಖರ್ಚು ಮಾಡುತ್ತಾಳೆ, ಅಷ್ಟೆ. ಹೆಂಡತಿಗೆ ಜೀವನಾಂಶ ನಿರಾಕರಿಸಲು ಕಾರಣಗಳಿದ್ದರೂ (ಆಕೆಗೆ ಸಾಕಷ್ಟು ಸಂಪಾದನೆ ಇದೆ, ಆಕೆ ಮರುಮದುವೆಯಾಗಿದ್ದಾಳೆ ಇತ್ಯಾದಿ) ಆ ಕಾರಣಗಳಿಂದ ಮಗುವಿನ ಹಕ್ಕು ಮುರಿದುಬೀಳುವುದಿಲ್ಲ. ಅರ್ಜಿಯಲ್ಲಿ ಇಬ್ಬರಿಗೂ ಸೇರಿಸಿ ಒಂದೇ ಮೊತ್ತ ಕೇಳುವ ಬದಲು ಪತ್ನಿಗೆ ಇಷ್ಟು, ಪ್ರತಿ ಮಗುವಿಗೆ ಇಷ್ಟು ಎಂದು ಬಿಡಿಸಿ ಕೇಳಿದರೆ ಮುಂದೆ ಒಂದು ಭಾಗ ಬದಲಾದಾಗ ಇನ್ನೊಂದು ಭಾಗಕ್ಕೆ ಧಕ್ಕೆಯಾಗುವುದಿಲ್ಲ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ದತ್ತು ಮಗುವಿಗೂ ಈ ಹಕ್ಕಿದೆ.

ಒಬ್ಬೊಬ್ಬ ವಕೀಲರು ಒಂದೊಂದು ಸೆಕ್ಷನ್ ಹೇಳುತ್ತಾರೆ. ಯಾವುದರಲ್ಲಿ ಹಾಕಬೇಕು?

ಅವರೆಲ್ಲ ಹೇಳುವುದು ಸರಿಯೇ ಇರಬಹುದು, ಏಕೆಂದರೆ ದಾರಿಗಳು ಹಲವು. ಜಾತಿ, ಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರುವುದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಮೊದಲು ಅಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. 2001ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಿಂದೂಗಳಿಗೆ ವಿಚ್ಛೇದನದ ಕೇಸಿನೊಳಗೇ 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಇದೆ, ಪ್ರತ್ಯೇಕವಾಗಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಇದೆ. ಅಂತರ್ಧರ್ಮೀಯವಾಗಿ ರಿಜಿಸ್ಟರ್ ಮದುವೆಯಾದವರಿಗೆ ವಿಶೇಷ ವಿವಾಹ ಕಾಯ್ದೆಯ 38ನೇ ಕಲಂ ಅನ್ವಯಿಸುತ್ತದೆ. ಕಿರುಕುಳದ ಹಿನ್ನೆಲೆಯಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನಡಿ ಮಕ್ಕಳಿಗೂ ಹಣ ಕೇಳಬಹುದು. ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ಹಿಂದಿನ ಆದೇಶವನ್ನು ಎರಡನೆಯ ಕೋರ್ಟಿಗೆ ತಿಳಿಸಲೇಬೇಕು, ಮೊದಲು ಸಿಕ್ಕ ಮೊತ್ತವನ್ನು ಅಲ್ಲಿ ಹೊಂದಿಸಿಕೊಳ್ಳುತ್ತಾರೆ.

ನಾನು ಮಗುವಿನೊಂದಿಗೆ ಸುರತ್ಕಲ್‌ನ ತವರಿನಲ್ಲಿದ್ದೇನೆ, ಅವರು ಮುಂಬಯಿಯಲ್ಲಿ. ಅಲ್ಲಿಗೇ ಹೋಗಿ ಕೇಸು ಹಾಕಬೇಕೇ? ವಕೀಲರ ಫೀಸಿಗೂ ನನ್ನಲ್ಲಿ ದುಡ್ಡಿಲ್ಲ.

ಮುಂಬಯಿಗೆ ಹೋಗಬೇಕಾಗಿಲ್ಲ. 144ನೇ ಕಲಮಿನ ಅರ್ಜಿಯನ್ನು ಹೆಂಡತಿ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ನಿಮ್ಮ ಮಟ್ಟಿಗೆ ಮಂಗಳೂರಿನ ಕುಟುಂಬ ನ್ಯಾಯಾಲಯ. ಫೀಸಿನ ವಿಷಯದಲ್ಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ. ಇದನ್ನು ಬಡವರಿಗೆ ಮಾತ್ರ ಇರುವ ಸೌಲಭ್ಯವೆಂದು ತಿಳಿದು ಸಂಕೋಚಪಡುವವರು ನಮ್ಮ ಕಡೆ ಬಹಳ. ಸಂಕೋಚಕ್ಕೆ ಕಾರಣವಿಲ್ಲ.

## ಮೊತ್ತದ ಲೆಕ್ಕ

ಕೊನೆಗೆ ಜಡ್ಜ್ ನೋಡುವುದೇನು? ಒಂದು ಲೆಕ್ಕ ಹಾಕಿ ತೋರಿಸಬಹುದೇ?

ನೋಡುವುದು ಎರಡು ಸಂಗತಿಗಳನ್ನು: ಮಗುವಿಗೆ ನಿಜವಾಗಿ ಎಷ್ಟು ಬೇಕು, ತಂದೆ ತಾಯಿಗೆ ನಿಜವಾಗಿ ಎಷ್ಟು ಕೊಡಲು ಸಾಧ್ಯ. ಇವೆರಡರ ನಡುವೆ ಇನ್ನೊಂದು ಅಳತೆಯಿದೆ. ಸಂಸಾರ ಒಟ್ಟಿಗಿದ್ದಿದ್ದರೆ ಆ ಮಗು ಯಾವ ಮಟ್ಟದಲ್ಲಿ ಬೆಳೆಯುತ್ತಿತ್ತೋ ಆ ಮಟ್ಟ ಆದಷ್ಟು ಕುಸಿಯಬಾರದು. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಂದು ಎಲ್ಲ ಕೋರ್ಟುಗಳಿಗೂ ದಾರಿದೀಪ. ಊಟ, ಬಟ್ಟೆ, ವಾಸ, ಔಷಧೋಪಚಾರ, ವಿದ್ಯಾಭ್ಯಾಸ ಇವೆಲ್ಲ ಮಗುವಿನ ಖರ್ಚಿನೊಳಗೆ ಬರುತ್ತವೆ, ಟ್ಯೂಷನ್ ಮತ್ತು ಇತರ ತರಬೇತಿಗಳಿಗೂ ಮಿತವಾದ ಮೊತ್ತ ಸೇರಬೇಕು ಎಂದು ಅದು ಹೇಳಿದೆ.

ಉದಾಹರಣೆಗಾಗಿ ಒಂದು ಲೆಕ್ಕ ಕಟ್ಟೋಣ. ಮಣಿಪಾಲದಲ್ಲಿ ತಾಯಿಯೊಂದಿಗಿರುವ ನಾಲ್ಕನೆಯ ತರಗತಿಯ ಹುಡುಗಿ. ಶಾಲೆಯ ವಾರ್ಷಿಕ ಶುಲ್ಕ 48,000, ಅಂದರೆ ತಿಂಗಳಿಗೆ 4,000. ಶಾಲಾ ವ್ಯಾನಿಗೆ 1,500. ಊಟ, ತಿಂಡಿ, ಹಾಲಿಗೆ 5,000. ಉಬ್ಬಸದ ಇನ್‌ಹೇಲರ್ ಮತ್ತು ಡಾಕ್ಟರ ಫೀಸು ಸೇರಿ 1,000. ಮನೆ ಬಾಡಿಗೆ ಮತ್ತು ವಿದ್ಯುತ್ತಿನಲ್ಲಿ ಮಗುವಿನ ಪಾಲು 3,000. ಬಟ್ಟೆ, ಪುಸ್ತಕ, ಸಂಗೀತ ತರಗತಿಗೆ 1,500. ಒಟ್ಟು 16,000 ರೂಪಾಯಿ. ತಂದೆಯ ಕೈಗೆ ಬರುವ ಸಂಬಳ 60,000, ತಾಯಿಯದು 30,000. ಇಬ್ಬರೂ ಸಂಪಾದನೆಗೆ ತಕ್ಕಂತೆ ಹೊರಬೇಕೆಂದಾದರೆ ತಂದೆಯ ಪಾಲು ಮೂರರಲ್ಲಿ ಎರಡು, ಸುಮಾರು 10,700. ನ್ಯಾಯಾಧೀಶರು ಇದನ್ನೇ ಅಕ್ಷರಶಃ ಅನುಸರಿಸುತ್ತಾರೆ ಎಂದಲ್ಲ. ಮಗುವನ್ನು ದಿನವೂ ಎಬ್ಬಿಸಿ, ಉಣಿಸಿ, ಓದಿಸುವ ತಾಯಿಯ ಶ್ರಮವೂ ಒಂದು ಕೊಡುಗೆಯೇ ಎಂದು ಪರಿಗಣಿಸಿ ತಂದೆಯ ಪಾಲನ್ನು 12,000ಕ್ಕೆ ಏರಿಸಬಹುದು. ವ್ಯಾನಿನ ಖರ್ಚಿಗೆ ರಸೀದಿಯಿಲ್ಲವೆಂದು ತುಸು ಇಳಿಸಲೂಬಹುದು.

ಅಫಿಡವಿಟ್ ಕೊಡಿ ಅಂತಾರೆ. ಅದು ಬರೀ ಸಹಿ ಹಾಕುವ ಕಾಗದ ತಾನೇ?

ಅಲ್ಲವೇ ಅಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಗಟ್ಟಿತನ ಇರುವುದು ಈ ಕಾಗದದಲ್ಲೇ. ರಜನೀಶ್ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲ, ಅವಲಂಬಿತರು, ತಿಂಗಳ ಖರ್ಚು, ಬ್ಯಾಂಕ್ ಖಾತೆ, ಹೂಡಿಕೆ ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ಪ್ರಮಾಣ ಮಾಡಿ ಸಲ್ಲಿಸಬೇಕು. ಎದುರುದಾರರು ಉತ್ತರದ ಜೊತೆಗೆ ನಾಲ್ಕು ವಾರಗಳೊಳಗೆ ಅದನ್ನು ಕೊಡಬೇಕು. ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಹೋದರೆ ಅವರ ಪ್ರತಿವಾದವನ್ನೇ ಕೋರ್ಟು ತಳ್ಳಿಹಾಕಬಹುದು. ಸುಳ್ಳು ಬರೆದದ್ದು ಬಯಲಾದರೆ ಪ್ರತ್ಯೇಕ ಕ್ರಮವೂ ಇದೆ.

‘ತಿಂಗಳ ಖರ್ಚು ಸುಮಾರು 25,000’ ಎಂದು ಒಂದೇ ಸಾಲು ಬರೆದು ಮುಗಿಸುವವರಿದ್ದಾರೆ. ಪಾಟೀಸವಾಲಿನಲ್ಲಿ ಆ ಸಾಲು ಐದು ನಿಮಿಷ ನಿಲ್ಲುವುದಿಲ್ಲ. ಶಾಲೆಯ ಶುಲ್ಕದ ರಸೀದಿ, ಮೆಡಿಕಲ್ ಅಂಗಡಿಯ ಬಿಲ್ಲು, ಬಾಡಿಗೆ ಕರಾರು, ಯುಪಿಐ ಪಾವತಿಯ ಪಟ್ಟಿ ಇವನ್ನು ತಿಂಗಳುವಾರು ಜೋಡಿಸಿ ಕೊಟ್ಟವರ ಮೊತ್ತವೇ ಬೇರೆ, ಬಾಯಿಮಾತಿನಲ್ಲಿ ಹೇಳಿದವರ ಮೊತ್ತವೇ ಬೇರೆ.

ನಾನೂ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೇನೆ. ಹಾಗಾದರೆ ಅವರು ಏನೂ ಕೊಡಬೇಕಾಗಿಲ್ಲವೇ?

ಕೊಡಬೇಕು. ಪದ್ಮಜಾ ಶರ್ಮಾ ಪ್ರಕರಣದಲ್ಲಿ (2000) ಇಬ್ಬರೂ ಸಂಪಾದಿಸುತ್ತಿದ್ದರು. ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ಲೆಕ್ಕ ಹಾಕಿ ಅದನ್ನು ತಂದೆ ಮತ್ತು ತಾಯಿ 2:1ರ ಪ್ರಮಾಣದಲ್ಲಿ ಹೊರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ವಿದ್ಯಾಭ್ಯಾಸದ ಖರ್ಚನ್ನು ಸಾಮಾನ್ಯವಾಗಿ ತಂದೆ ಭರಿಸಬೇಕು, ತಾಯಿಗೆ ಸಾಕಷ್ಟು ಸಂಪಾದನೆಯಿದ್ದರೆ ಪ್ರಮಾಣಾನುಸಾರ ಹಂಚಿಕೊಳ್ಳಬಹುದು ಎಂಬುದು 2020ರ ತೀರ್ಪಿನ ನಿಲುವು. ಬೀಡಿ ಕಟ್ಟಿ ಅಥವಾ ಹೊಲಿಗೆ ಮಾಡಿ ಬರುವ ಅಲ್ಪ ಆದಾಯವನ್ನು ತೋರಿಸಿ ‘ಅವಳಿಗೆ ದುಡಿಮೆ ಇದೆಯಲ್ಲ’ ಎನ್ನುವ ವಾದಕ್ಕೆ ಮಗುವಿನ ವಿಷಯದಲ್ಲಿ ಹೆಚ್ಚಿನ ಬೆಲೆಯಿಲ್ಲ. ತಿರುಗುಮುರುಗಾಗಿ ಮಗು ತಂದೆಯ ಬಳಿಯಿದ್ದು ತಾಯಿ ಹೆಚ್ಚು ಸಂಪಾದಿಸುತ್ತಿದ್ದರೆ ಆಕೆಯೂ ಕೊಡಬೇಕಾಗಬಹುದು. 1956ರ ಕಾಯ್ದೆ ತಂದೆ, ತಾಯಿ ಇಬ್ಬರನ್ನೂ ಹೊಣೆ ಮಾಡುತ್ತದೆ.

ನಾನು ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಒಂದು ಪೈಸೆ ಇಲ್ಲ. ತಿಂಗಳು ತಿಂಗಳು ಹೇಗೆ ಕೊಡುವುದು?

ನ್ಯಾಯವಾದ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಕರಾವಳಿಯ ಕೋರ್ಟುಗಳಿಗೆ ಹೊಸ ಸುದ್ದಿಯೇನಲ್ಲ. ದೀಪಾವಳಿಯ ಆಸುಪಾಸು ಮೇಳ ಹೊರಟು ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಯಕ್ಷಗಾನ ಕಲಾವಿದರದೂ ಇದೇ ಪಾಡು. ಇಂಥ ಆದಾಯದಲ್ಲಿ ವರ್ಷದ ಒಟ್ಟು ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಸರಾಸರಿ ತೆಗೆಯುವುದೇ ಸರಿಯಾದ ದಾರಿ. ಮಗುವಿನ ಹಸಿವಿಗೆ ಮೀನುಗಾರಿಕೆ ರಜೆ ಇಲ್ಲದಿರುವುದರಿಂದ ಎರಡು ತಿಂಗಳು ಏನನ್ನೂ ಕೊಡುವುದಿಲ್ಲ ಎಂಬ ಮಾತನ್ನು ಕೋರ್ಟು ಒಪ್ಪದು. ಆದರೆ ಋತುವಿನಲ್ಲಿ ತುಸು ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂಬ ಹೊಂದಾಣಿಕೆಯನ್ನು ಮಧ್ಯಸ್ಥಿಕೆಯ ಹಂತದಲ್ಲೇ ಪ್ರಸ್ತಾಪಿಸಬಹುದು. ಪಾಲಿನ ಲೆಕ್ಕದ ಚೀಟಿ, ಬೋಟಿನ ಮಾಲಿಕರ ಹೇಳಿಕೆ, ಬ್ಯಾಂಕ್ ಪಾಸ್‌ಬುಕ್ ಇವುಗಳನ್ನು ನೀವೇ ಮುಂದಾಗಿ ಹಾಜರುಪಡಿಸಿದರೆ ಒಳ್ಳೆಯದು. ಕಾಗದ ಇಲ್ಲದ ಕಡೆ ಕೋರ್ಟು ಅಂದಾಜು ಮಾಡುತ್ತದೆ, ಮತ್ತು ಆ ಅಂದಾಜು ನಿಮಗೆ ಹಿಡಿಸದೇ ಹೋಗಬಹುದು.

ಮನೆ ಸಾಲದ ಕಂತು, ಕಾರಿನ ಕಂತು ಹೋಗಿ ಕೈಗೆ 8,000 ಉಳಿಯುತ್ತದೆ. ಅದನ್ನಲ್ಲವೇ ಆದಾಯ ಎನ್ನಬೇಕಾದ್ದು?

ಅಲ್ಲ. ಆದಾಯ ತೆರಿಗೆ, ಕಡ್ಡಾಯ ಭವಿಷ್ಯನಿಧಿಯಂಥ ಕಡಿತಗಳನ್ನು ಕಳೆದ ಮೊತ್ತವನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮ ಇಷ್ಟದಿಂದ ಮಾಡಿದ ಸಾಲ, ಚೀಟಿ, ವಿಮೆಯ ಕಂತುಗಳಿಗೆ ಮಗುವಿಗಿಂತ ಮೊದಲ ಸ್ಥಾನ ಸಿಗುವುದಿಲ್ಲ. ಮಗುವೇ ವಾಸವಿರುವ ಮನೆಯ ಕಂತನ್ನು ನೀವು ಕಟ್ಟುತ್ತಿದ್ದರೆ ಮಾತು ಬೇರೆ. ಅದನ್ನು ಗಮನಕ್ಕೆ ತಂದರೆ ಪರಿಗಣಿಸುತ್ತಾರೆ. ವಯಸ್ಸಾದ ತಂದೆ ತಾಯಿಯ ಪಾಲನೆಯ ಹೊಣೆಯನ್ನೂ ಹಾಗೆಯೇ ತೂಗಿ ನೋಡುತ್ತಾರೆ.

ನೋಟಿಸು ಸಿಕ್ಕ ಕೂಡಲೇ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಈಗ ‘ನನಗೆ ಆದಾಯವೇ ಇಲ್ಲ’ ಎನ್ನುತ್ತಾರೆ.

ಕೋರ್ಟು ನೋಡುವುದು ಇವತ್ತಿನ ಸಂಬಳದ ಚೀಟಿಯನ್ನು ಮಾತ್ರವಲ್ಲ, ದುಡಿಯುವ ಸಾಮರ್ಥ್ಯವನ್ನೂ. ಅಂಜು ಗರ್ಗ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್, ಮೈಯಲ್ಲಿ ಶಕ್ತಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ಸಾಕಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಓದು, ಹಿಂದಿನ ಹುದ್ದೆ, ರಾಜೀನಾಮೆಯ ದಿನಾಂಕ ಇವನ್ನು ನೀವು ದಾಖಲಿಸಿದರೆ ಉಳಿದದ್ದನ್ನು ನ್ಯಾಯಾಧೀಶರೇ ಊಹಿಸಿಕೊಳ್ಳುತ್ತಾರೆ.

ಹತ್ತಿರದಲ್ಲೇ ಸರಕಾರಿ ಶಾಲೆ ಇದೆ. ದುಬಾರಿ ಶಾಲೆಯ ಫೀಸು ನಾನೇಕೆ ಕೊಡಬೇಕು?

ಮಗುವನ್ನು ಆ ಶಾಲೆಗೆ ಸೇರಿಸುವಾಗ ನೀವಿಬ್ಬರೂ ಒಪ್ಪಿದ್ದರೆ, ಮತ್ತು ಆ ಶುಲ್ಕ ನಿಮ್ಮ ಶಕ್ತಿಗೆ ಮೀರಿದ್ದಲ್ಲದಿದ್ದರೆ, ದಂಪತಿ ಬೇರೆಯಾದರೆಂಬ ಕಾರಣಕ್ಕೆ ಮಗುವನ್ನು ಶಾಲೆಯಿಂದ ಬಿಡಿಸಲು ಕೋರ್ಟು ಮನಸ್ಸು ಮಾಡುವುದಿಲ್ಲ. ಬೇರೆಯಾದ ಮೇಲೆ ಒಬ್ಬರೇ ತೀರ್ಮಾನಿಸಿ ಲಕ್ಷಗಟ್ಟಲೆ ಶುಲ್ಕದ ಶಾಲೆಗೆ ಸೇರಿಸಿ ರಸೀದಿಯನ್ನು ಮುಂದಿಟ್ಟರೆ ಅಷ್ಟೇ ಸುಲಭವಾಗಿ ಒಪ್ಪುವುದೂ ಇಲ್ಲ. ಶುಲ್ಕವನ್ನು ನೇರವಾಗಿ ಶಾಲೆಗೇ ಕಟ್ಟಲು ಅನುಮತಿ ಕೇಳಬಹುದು. ಹಣ ಎಲ್ಲಿಗೆ ಹೋಗುತ್ತದೆ ಎಂಬ ಜಗಳ ಅದರಿಂದ ಎಷ್ಟೋ ಕಡಿಮೆಯಾಗುತ್ತದೆ.

## ಕಟ್ಟು, ಚರ್ಚು, ಜಮಾತು

ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆ ಯಾಕೆ ಸಾಕಬೇಕು?

ತುಳುನಾಡಿನಲ್ಲಿ ಮಾತ್ರ ಕೇಳಿಬರುವ ವಾದವಿದು. ಅಳಿಯಸಂತಾನದಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದುಬರುತ್ತಿತ್ತು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯೂ ಅದನ್ನು ಗುರುತಿಸಿತ್ತು. ಆದರೆ 1956ರ ಜೀವನಾಂಶ ಕಾಯ್ದೆಯ 4ನೇ ಕಲಮಿನ ಪ್ರಕಾರ, ಆ ಕಾಯ್ದೆಯಲ್ಲಿ ವ್ಯವಸ್ಥೆಯಿರುವ ವಿಷಯಗಳಲ್ಲಿ ಹಳೆಯ ಪದ್ಧತಿ, ರೂಢಿಗಳು ನಡೆಯುವುದಿಲ್ಲ. ಮಗುವನ್ನು ಸಾಕುವ ತಂದೆಯ ಹೊಣೆ 20ನೇ ಕಲಮಿನಲ್ಲಿ ನೇರವಾಗಿ ಇದೆ. ಮಾವನ ಮನೆಯ ತೋಟದಲ್ಲಿ ಅಡಿಕೆ ಚೆನ್ನಾಗಿ ಬರುತ್ತದೆ ಎಂಬುದು ತಂದೆಯನ್ನು ಬಿಡುಗಡೆ ಮಾಡುವುದಿಲ್ಲ.

ಚರ್ಚಿನ ನ್ಯಾಯಮಂಡಳಿಯಲ್ಲಿ ನಮ್ಮ ಮದುವೆ ರದ್ದಾಗಿದೆ. ಮಗುವಿನ ಹಣದ ಗತಿಯೇನು?

ಚರ್ಚಿನ ರದ್ದತಿಗೆ ಧಾರ್ಮಿಕ ಮಹತ್ವವಿದೆ, ಸಿವಿಲ್ ಕಾನೂನಿನ ಬಲವಿಲ್ಲ. ಅದಕ್ಕೆ ಕಾನೂನು ಮಾನ್ಯತೆ ಕೊಡಬೇಕೆಂದು ಮಂಗಳೂರಿನ ಹಿರಿಯ ವಕೀಲರೊಬ್ಬರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು. ಮದುವೆ ರದ್ದಾದರೂ ಉಳಿದರೂ 144ನೇ ಕಲಮಿನಡಿ ಮಗುವಿನ ಹಕ್ಕು ಹಾಗೆಯೇ ಇರುತ್ತದೆ.

ತಲಾಖ್ ಆದ ಮೇಲೆ ಮಗುವಿಗೆ ಎರಡು ವರ್ಷ ಮಾತ್ರ ಖರ್ಚು ಕೊಟ್ಟರೆ ಸಾಕು ಎನ್ನುತ್ತಾರೆ, ನಿಜವೇ?

ನಿಜವಲ್ಲ. 1986ರ ಮುಸ್ಲಿಂ ಮಹಿಳಾ ಕಾಯ್ದೆಯಲ್ಲಿರುವ ಎರಡು ವರ್ಷದ ಮಾತು, ಎಳೆಯ ಮಗುವನ್ನು ಸಾಕುವ ತಾಯಿಗೆ ಸಿಗಬೇಕಾದ ಹಣಕ್ಕೆ ಸಂಬಂಧಿಸಿದ್ದು. ಮಕ್ಕಳ ಸ್ವತಂತ್ರ ಹಕ್ಕನ್ನು ಅದು ಕಿತ್ತುಕೊಳ್ಳುವುದಿಲ್ಲ ಎಂದು 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಗಂಡುಮಕ್ಕಳಿಗೆ ಪ್ರಾಪ್ತ ವಯಸ್ಸಿನವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ ಆ ಹಕ್ಕಿದೆ ಎಂದು ಅಲ್ಲಿ ಹೇಳಿದೆ.

## ಆದೇಶವಾದ ಮೇಲೆ

ಕೇಸು ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿಯತನಕ ಮಗು ಏನು ತಿನ್ನಬೇಕು?

ಅದಕ್ಕಾಗಿಯೇ ಮಧ್ಯಂತರ ಜೀವನಾಂಶವಿದೆ. ನೋಟಿಸು ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಆ ಅರ್ಜಿ ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ; ನಡೆಯುವುದು ಅದಕ್ಕಿಂತ ನಿಧಾನ, ಆದ್ದರಿಂದ ಮುಖ್ಯ ಅರ್ಜಿಯ ಜೊತೆಯಲ್ಲೇ ಇದನ್ನೂ ಸಲ್ಲಿಸಬೇಕು. ತಡವಾದರೂ ಮೊತ್ತ ಕಳೆದುಹೋಗುವುದಿಲ್ಲ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದು 2020ರ ತೀರ್ಪು ಹೇಳಿದೆ.

ಆದೇಶ ಆಗಿದೆ, ಆದರೆ ಅವರು ಗಲ್ಫ್‌ನಲ್ಲಿದ್ದಾರೆ, ಒಂದು ರೂಪಾಯಿ ಕಳಿಸಿಲ್ಲ.

ಮೊದಲನೆಯದಾಗಿ, ಬಾಕಿಯ ಪ್ರತಿ ಕಂತಿಗೂ ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕಬೇಕು. ‘ಇವತ್ತಲ್ಲ ನಾಳೆ ಕಳಿಸಿಯಾರು’ ಎಂದು ಮೂರು ವರ್ಷ ಕಾದವರು 144ನೇ ಕಲಮಿನ ವಾರಂಟಿನ ದಾರಿಯಲ್ಲಿ ಎರಡು ವರ್ಷದ ಬಾಕಿಯನ್ನು ಕಳೆದುಕೊಳ್ಳುತ್ತಾರೆ. ಅರ್ಜಿ ಬಂದ ಮೇಲೆ ಕೋರ್ಟು ವಾರಂಟು ಹೊರಡಿಸಬಹುದು, ಬಾಕಿಯ ತಿಂಗಳುಗಳಿಗಾಗಿ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸೆರೆಮನೆಯಲ್ಲಿ ಇದ್ದುಬಂದರೂ ಬಾಕಿ ತೀರಿದಂತಲ್ಲ ಎಂಬುದು 1989ರಿಂದ ಸ್ಥಾಪಿತವಾದ ನಿಯಮ. ಇಲ್ಲಿ ಸಂಬಳದ ಕೆಲಸದಲ್ಲಿರುವವರಾದರೆ ಜೀವನಾಂಶದ ಡಿಕ್ರಿಯ ಅಮಲ್ಜಾರಿಯಲ್ಲಿ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಸಿಗುತ್ತದೆ.

ವಿದೇಶದಲ್ಲಿರುವವರ ವಿಷಯದಲ್ಲಿ ಊರಿನ ಆಸ್ತಿಯೇ ಕೈಗೆ ಸಿಗುವ ಹಿಡಿ. ಅವರ ಹೆಸರಿನ ಫ್ಲ್ಯಾಟು, ಜಾಗದ ಆರ್‌ಟಿಸಿ, ಇಲ್ಲಿನ ಬ್ಯಾಂಕ್ ಠೇವಣಿಗಳ ವಿವರವನ್ನು ಮೊದಲೇ ಸಂಗ್ರಹಿಸಿಡಿ. ಕೋರ್ಟಿನ ವಾರಂಟು ಅಥವಾ ಸಮನ್ಸು ಹೊರಟಿರುವುದನ್ನು ಪಾಸ್‌ಪೋರ್ಟ್ ಪ್ರಾಧಿಕಾರದ ಗಮನಕ್ಕೆ ತಂದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 10ನೇ ಕಲಮಿನಡಿ ಪಾಸ್‌ಪೋರ್ಟನ್ನು ತಡೆಹಿಡಿಯಲು ಅವಕಾಶವಿದೆ. ನವೀಕರಣದ ದಿನ ಹತ್ತಿರ ಬಂದಾಗ ಫೋನು ಎತ್ತದವರೂ ಮಾತಿಗೆ ಬರುವುದುಂಟು.

ಅವಳು ಮಗುವನ್ನು ನೋಡಲು ಬಿಡುವುದಿಲ್ಲ. ಹಾಗಿದ್ದ ಮೇಲೆ ನಾನೇಕೆ ದುಡ್ಡು ಕೊಡಬೇಕು?

ನಿಮ್ಮ ಸಂಕಟ ಸಣ್ಣದಲ್ಲ, ಆದರೆ ಇವೆರಡೂ ಬೇರೆ ಬೇರೆ ದಾರಿಗಳು. ಭೇಟಿಯ ಹಕ್ಕಿಗೆ ಪ್ರತ್ಯೇಕ ಅರ್ಜಿ ಹಾಕಿ, ಇರುವ ಆದೇಶವನ್ನು ಮುರಿದಿದ್ದರೆ ಅದನ್ನು ಕೋರ್ಟಿಗೆ ತನ್ನಿ. ಹಣ ನಿಲ್ಲಿಸಿದರೆ ನಷ್ಟವಾಗುವುದು ಮಗುವಿಗೆ. ಮುಂದೆ ಭೇಟಿಯ ಅರ್ಜಿಯಲ್ಲಿ ಆ ಬಾಕಿಯೇ ನಿಮ್ಮ ವಿರುದ್ಧದ ಮೊದಲ ದಾಖಲೆಯಾಗುತ್ತದೆ. ಹಾಗೆಯೇ, ಹಣ ಬಂದಿಲ್ಲವೆಂದು ಭೇಟಿಯನ್ನು ತಡೆಯುವ ತಾಯಿಯ ವರ್ತನೆಯೂ ತಪ್ಪೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಮುಂದೆ ಮಗುವಿಗೆ ಏನೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟಿದ್ದೆ. ಈಗ ಮಗು ಹೈಸ್ಕೂಲಿಗೆ ಬಂದಿದೆ.

ನಿಮ್ಮ ಹಕ್ಕನ್ನು ನೀವು ಬಿಟ್ಟುಕೊಡಬಹುದು, ಮಗುವಿನದನ್ನಲ್ಲ. ಅಂಥ ಷರತ್ತು ಮಗುವಿನ ಅರ್ಜಿಗೆ ಅಡ್ಡಿಯಾಗದು. ಆಗ ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟಿದ್ದರೆ, ಒಂದೇ ಗಂಟಿನಲ್ಲಿ ಹಣ ಕೊಟ್ಟಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲೇ ಆದೇಶವಿದ್ದು ಮೊತ್ತ ಸಾಲದಿದ್ದರೆ ಹೊಸ ಕೇಸು ಬೇಡ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಹೆಚ್ಚಿಸಲು ಕೇಳಬಹುದು. ಕೆಲಸ ಹೋದ ಅಥವಾ ಕಾಯಿಲೆ ಬಿದ್ದ ತಂದೆ ಅದೇ ಕಲಮಿನಡಿ ಇಳಿಸಲು ಕೇಳಬಹುದು. ತಾನಾಗಿಯೇ ಕಡಿಮೆ ಕಳಿಸುವುದು ಮಾತ್ರ ಅಪಾಯ.

ಹದಿನೆಂಟು ತುಂಬಿದ ದಿನವೇ ನಿಲ್ಲಿಸಬಹುದೇ?

144ನೇ ಕಲಮಿನಡಿ ಸಾಮಾನ್ಯವಾಗಿ ಹೌದು. ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗ, ಅವಿವಾಹಿತ ಮಗಳಿಗೆ ಅದರ ನಂತರವೂ ಹಕ್ಕಿದೆ. ಹಿಂದೂ ಕುಟುಂಬದ ಅವಿವಾಹಿತ ಮಗಳಿಗೆ ಸ್ವಂತ ಸಂಪಾದನೆ ಅಥವಾ ಆಸ್ತಿಯಿಂದ ಬದುಕಲಾಗದಿದ್ದರೆ 1956ರ ಕಾಯ್ದೆಯ 20ನೇ ಕಲಂ ಮದುವೆಯವರೆಗೂ ರಕ್ಷಣೆ ಕೊಡುತ್ತದೆ, ಅಭಿಲಾಷಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆದರೆ ಅದಕ್ಕೆ ಆ ಕಾಯ್ದೆಯಡಿಯೇ ಅರ್ಜಿ ಹಾಕಬೇಕು. ಎಂಜಿನಿಯರಿಂಗ್‌ನ ಎರಡನೆಯ ವರ್ಷದಲ್ಲಿರುವ ಮಗನ ವಿಷಯ ಸ್ವಲ್ಪ ತೊಡಕಿನದು. ಆದ್ದರಿಂದ ಒಪ್ಪಂದ ಬರೆಯುವಾಗಲೇ ‘ಮೊದಲ ಪದವಿ ಮುಗಿಯುವವರೆಗೆ’ ಎಂಬ ಸಾಲನ್ನು ಸೇರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ತಂದೆ ತೀರಿಕೊಂಡರು. ಇನ್ನು ಮಗುವಿಗೆ ಏನೂ ಇಲ್ಲವೇ?

ಇದೆ. ಸಾವಿನ ದಿನದವರೆಗಿನ ಬಾಕಿಯನ್ನು ಅವರ ಆಸ್ತಿಯಿಂದ ಕೇಳಬಹುದು. ವಿಚ್ಛೇದನ ಮುಗಿಸುವುದು ಗಂಡ ಹೆಂಡಿರ ಸಂಬಂಧವನ್ನು ಮಾತ್ರ, ಆದ್ದರಿಂದ ಮಗು ವಾರಸುದಾರನಾಗಿಯೇ ಉಳಿಯುತ್ತದೆ. ಹಿಂದೂಗಳಲ್ಲಿ ತಂದೆ ಉಯಿಲು ಬರೆಯದೆ ಹೋಗಿದ್ದರೆ ಮಗ, ಮಗಳು ಪ್ರಥಮ ವರ್ಗದ ವಾರಸುದಾರರು, ಎರಡನೆಯ ಮದುವೆಯ ಮಕ್ಕಳೊಂದಿಗೆ ಸಮಪಾಲು. ಉಯಿಲಿನಲ್ಲಿ ಮಗುವನ್ನು ಪೂರ್ತಿ ಕೈಬಿಟ್ಟಿದ್ದರೂ 1956ರ ಜೀವನಾಂಶ ಕಾಯ್ದೆಯ 22ನೇ ಕಲಮಿನ ಪ್ರಕಾರ ಆಸ್ತಿ ಪಡೆದವರು ಆ ಆಸ್ತಿಯಿಂದ ಮಗುವನ್ನು ಸಾಕಬೇಕಾಗುತ್ತದೆ. ಖಾತೆ ಬದಲಾವಣೆಯ ಅರ್ಜಿ ಹೋಗುವ ಮೊದಲೇ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.